ಬೇರೆ ಟೀಮ್ ಬೇಡ ಮಾರಾಯ್ರೆ, ಅಡಿಕೆ ಚೀಲಕ್ಕೆ ಕೈ ಹಾಕಿಸಿ

ತೀರ್ಥಹಳ್ಳಿ ಕಡೆಯ ಸ್ನೇಹಿತರು ಹಾಕಿದ ಪೋಸ್ಟ್ ಈಗ ನೋಡಿದೆ. ತೋಟದ ಕೆಲಸಕ್ಕೆ ಬಂದ ಅಸ್ಸಾಂ ಹುಡುಗರಿಗೆ ಬೇರೆ ವಾಲಿಬಾಲ್ ಟೀಮ್ ಕಟ್ಟಿದ್ದೀರಿ, ಜೆರ್ಸಿ ಮಾಡಿಸಿದ್ದೀರಿ, ಭಾನುವಾರ ಊರಿನ ಟೀಮ್ ಜೊತೆ ಮ್ಯಾಚ್ ಇಟ್ಟಿದ್ದೀರಿ. ಎರಡು ವಾರ ಬಂದರು, ಮೂರನೇ ವಾರ ಒಬ್ಬರೂ ಬರಲಿಲ್ಲ, ಯಾಕೆ ಅಂತ ಕೇಳಿದ್ದೀರಿ. ನಿಮ್ಮ ಮನಸ್ಸು ಒಳ್ಳೇದು, ಮಾಡಿದ್ದು ಮಾತ್ರ ತಪ್ಪು. ಇಷ್ಟು ನೇರವಾಗಿ ಹೇಳೋದು ಯಾಕಂದ್ರೆ ಇದೇ ತಪ್ಪನ್ನು ನಾನೂ ಮಾಡಿದ್ದೇನೆ, ಅದು ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ನಮ್ಮದು ಹೊಸನಗರ ತಾಲ್ಲೂಕು. ಅಡಿಕೆ ಗೊನೆ ಕೊಯ್ಲಿನ ಸಮಯ. ಹಳದಿ ಜೆರ್ಸಿ ಮಾಡಿಸಿ ಬೆನ್ನ ಮೇಲೆ ದೊಡ್ಡದಾಗಿ ಅಸ್ಸಾಂ ಅಂತ ಬರೆಸಿದ್ದೆ. ಹೊನಲು ಬೆಳಕಿನ ಪಂದ್ಯ, ಊರೆಲ್ಲ ಸೇರಿತ್ತು. ಹುಡುಗರಿಗೆ ಒಟ್ಟಿಗೆ ಆಡಿ ಅಭ್ಯಾಸವೇ ಇರಲಿಲ್ಲ, ಮೊದಲ ಸೆಟ್ 25-9. ಅಲ್ಲಿಗೆ ಮುಗಿದಿದ್ದರೆ ಸರಿ. ಪ್ರತಿ ಪಾಯಿಂಟಿಗೂ ಜನ ಅವರ ರಾಜ್ಯದ ಹೆಸರು ಹಿಡಿದು ಕೂಗಿದರು. ಕೂಗೋದಕ್ಕೆ ಹೆಸರು ಎಲ್ಲಿಂದ ಸಿಕ್ಕಿತು? ನಾನೇ ಬೆನ್ನ ಮೇಲೆ ಬರೆಸಿ ಕೊಟ್ಟಿದ್ದೆನಲ್ಲ. ಮಾರನೇ ದಿನ ಬೆಳಿಗ್ಗೆ ನಮ್ಮ ಗೇಟಿಗೆ ಒಂದು ಗೊಬ್ಬರದ ಚೀಲ ನೇತು ಹಾಕಿತ್ತು. ಒಳಗೆ ಎಂಟೂ ಜೆರ್ಸಿ. ಒಗೆದಿದ್ದರು, ತೇವ ಇನ್ನೂ ಆರಿರಲಿಲ್ಲ, ತೋಳು ಒಳಗೆ ಮಾಡಿ ನೀಟಾಗಿ ಮಡಚಿದ್ದರು. ಒಂದರ ಭುಜ ಹರಿದಿತ್ತು, ಅದನ್ನು ನೀಲಿ ದಾರದಲ್ಲಿ ಹೊಲಿದೂ ಇದ್ದರು. ಆಮೇಲೆ ಗೊತ್ತಾಯ್ತು, ಆ ಎಂಟು ಜನರಲ್ಲಿ ಇಬ್ಬರು ಜಾರ್ಖಂಡಿನವರು. ನಾನು ಕೇಳಿಯೇ ಇರಲಿಲ್ಲ.

ನಿಮ್ಮ ಪೋಸ್ಟಿನ ಕೆಳಗೆ ಒಬ್ಬರು ಬರೆದಿದ್ದಾರೆ, ಒಲಿಂಪಿಕ್ಸಲ್ಲೂ ನಿರಾಶ್ರಿತರಿಗೆ ಬೇರೆ ಟೀಮ್ ಇದೆಯಲ್ಲ ಅಂತ. ಇದೆ. 2016ರ ರಿಯೋದಲ್ಲಿ 10 ಜನರಿಂದ ಶುರುವಾಯ್ತು, 2024ರ ಪ್ಯಾರಿಸ್ಸಲ್ಲಿ 37 ಜನ ಇದ್ದರು. ಆದರೆ ಆಡೋದಕ್ಕೆ ದೇಶವೇ ಇಲ್ಲದವರಿಗೆ ಬಾವುಟ ಬೇಕು ಅಂತ ಮಾಡಿದ್ದು ಅದು. ಅಭ್ಯಾಸ ಎಲ್ಲಿ ಮಾಡ್ತಾರೆ ನೋಡಿ. ಆ ತಂಡಕ್ಕೆ ಮೊದಲ ಪದಕ ತಂದವರು ಬಾಕ್ಸರ್ ಸಿಂಡಿ ಎನ್‌ಗಂಬಾ, ಪ್ಯಾರಿಸ್ಸಲ್ಲಿ 75 ಕೆ.ಜಿ. ವಿಭಾಗದಲ್ಲಿ ಕಂಚು. ಕ್ಯಾಮರೂನಿನಲ್ಲಿ ಹುಟ್ಟಿ ಚಿಕ್ಕವಯಸ್ಸಲ್ಲೇ ಇಂಗ್ಲೆಂಡಿಗೆ ಬಂದ ಹುಡುಗಿ. ಬಾಕ್ಸಿಂಗ್ ಕಲಿತದ್ದು ಬೋಲ್ಟನ್ ಊರಿನ ಮಕ್ಕಳೆಲ್ಲ ಬರುವ ಕ್ಲಬ್ಬಿನಲ್ಲಿ, ಅವರ ಜೊತೆಗೇ. ನಮಗೆ ಬೇಕಾದ್ದು ಆ ಕ್ಲಬ್. ನಮ್ಮ ಊರಿನ ಅಂಕಣಕ್ಕೆ ಒಲಿಂಪಿಕ್ಸಿನ ಲೆಕ್ಕ ತರಬೇಡಿ.

ನಾನು ಈಗ ಮಾಡೋದು ಇಷ್ಟೇ. ಒಂದು ಬಟ್ಟೆ ಚೀಲ, ಅದರಲ್ಲಿ ಆರು ಹಸಿರು ಅಡಿಕೆ, ಆರು ಹಣ್ಣಡಿಕೆ. ಪ್ರತಿಯೊಬ್ಬರೂ ನೋಡದೆ ಕೈ ಹಾಕಿ ಒಂದು ತೆಗೀಬೇಕು. ಹಸಿರು ಆ ಕಡೆ, ಹಣ್ಣು ಈ ಕಡೆ. ಮೊದಲು ಚೀಟಿ ಬರೆಯುತ್ತಿದ್ದೆ, ಕನ್ನಡ ಓದಲು ಬಾರದವರು ಪಕ್ಕದವನ ಮುಖ ನೋಡಿ ನಿಲ್ಲುತ್ತಿದ್ದರು. ಅಡಿಕೆ ಯಾರಿಗೆ ಗೊತ್ತಿಲ್ಲ? ದಿನವಿಡೀ ಕೈಯಲ್ಲಿ ಅದೇ ತಾನೇ. ಹಣ್ಣು ಸಿಗದ ತಿಂಗಳಲ್ಲಿ ಎರಡು ಬಣ್ಣದ ಬಾಟಲಿ ಮುಚ್ಚಳ ಹಾಕಿ. ಪ್ರತಿ ಸೆಟ್ಟಿಗೂ ಮತ್ತೆ ಎತ್ತಬೇಕು, ಇದನ್ನು ಬಿಡಲೇಬೇಡಿ. ಒಂದೇ ಸಲ ಎತ್ತಿ ಸಂಜೆಯೆಲ್ಲ ಆಡಿದರೆ ಮೂರನೇ ಸೆಟ್ಟಿಗೆ ಊರಿನ ಹುಡುಗರು ಒಳಗೊಳಗೇ ಅದಲುಬದಲು ಮಾಡಿಕೊಳ್ಳುತ್ತಾರೆ. ನಿಮ್ಮ ಒಳ್ಳೇ ಸ್ಮ್ಯಾಶರ್ ಮುನಿಸಿಕೊಂಡು ಹೋಗ್ತಾನೆ, ಹೋಗಲಿ, ವಾರದಲ್ಲಿ ವಾಪಸ್ ಬರ್ತಾನೆ. ನಮ್ಮಲ್ಲಿ ಇಬ್ಬರು ಹೋಗಿದ್ದರು, ಇಬ್ಬರೂ ಬಂದರು. ಒಂದು ಮಾತು, ಅದೇ ವಾರ ಬಂದ ಹೊಸ ಹುಡುಗನಿಗೆ ಮೊದಲ ಎರಡು ದಿನ ಚೀಲ ಬೇಡ. ಅವನ ಭಾಷೆಯವನ ಪಕ್ಕದಲ್ಲೇ ನಿಲ್ಲಲಿ.

ಕ್ರಿಕೆಟ್ ಇಡೋಣ್ವಾ ಅಂತಲೂ ಕೇಳಿದ್ದೀರಿ. ಬೇಡ. ಹೊಸಬನನ್ನು ಬೌಂಡರಿಗೆ ನಿಲ್ಲಿಸ್ತಾರೆ, ಹತ್ತನೆಯವನಾಗಿ ಬ್ಯಾಟಿಂಗ್, ಸಂಜೆಯೆಲ್ಲ ಚೆಂಡು ಹೆಕ್ಕಿ ಕೊಡೋದೇ ಕೆಲಸ. ವಾಲಿಬಾಲಿನಲ್ಲಿ ರೊಟೇಶನ್ ಇದೆ, ಆಟಗಾರರ ಜಾಗ ಸುತ್ತಾಗಿ ಬದಲಾಗುತ್ತೆ, ಸರ್ವ್ ಎಲ್ಲರಿಗೂ ಬರಲೇಬೇಕು, ನೆಟ್ ಹತ್ತಿರಕ್ಕೂ ಬರಲೇಬೇಕು. ಊರಾಟ ಅಂತ ರೊಟೇಶನ್ ಬಿಟ್ಟು ಚೆಂಡು ಎತ್ತಿಕೊಡಲು ಒಬ್ಬನೇ ಲಿಫ್ಟರ್, ಹೊಡೆಯಲು ಒಬ್ಬನೇ ಸ್ಮ್ಯಾಶರ್ ಅಂತ ಆಡಿದರೆ ಅದೂ ಕ್ರಿಕೆಟ್ಟೇ ಆಗುತ್ತೆ. ಯಾದಗಿರಿ, ರಾಯಚೂರು ಕಡೆಯ ಹುಡುಗರಿದ್ದರೆ ಕಬಡ್ಡಿ ಚೆನ್ನಾಗಿ ಆಡ್ತಾರೆ, ಆದರೆ ಪರಿಚಯ ಆಗೋ ಮೊದಲೇ ಮೈ ಮುಟ್ಟುವ ಆಟ ಇಟ್ಟರೆ ಜಗಳ ಬೇಗ ಹತ್ತಿಕೊಳ್ಳುತ್ತೆ. ತಿಂಗಳು ಕಳೆದ ಮೇಲೆ ಇಡಿ. ಫುಟ್‌ಬಾಲಿಗೆ ಜಾಗ ಇದ್ದರೆ ಖಂಡಿತ ಇಡಿ, ಅಸ್ಸಾಂ ಕಡೆಯ ಹುಡುಗರಿಗೆ ಅದು ಪ್ರಾಣ.

ಸ್ಕೋರನ್ನು ಅವರೇ ಕೂಗಲಿ, ಕನ್ನಡದಲ್ಲಿ. ಒಂದರಿಂದ ಇಪ್ಪತ್ತೈದು ಕಲಿಯೋದಕ್ಕೆ ನಮ್ಮಲ್ಲಿ ಒಬ್ಬನಿಗೆ ನಾಲ್ಕು ಸಂಜೆ ಸಾಕಾಯ್ತು. ಆಮೇಲೆ ಅಂಗಡಿಯಲ್ಲಿ ಚಿಲ್ಲರೆ ಲೆಕ್ಕಕ್ಕೆ ಯಾರನ್ನೂ ಕೇಳಲಿಲ್ಲ. ‘ನಂದು’, ‘ಬಿಡು’, ‘ಎತ್ತು’ ಮೊದಲ ದಿನವೇ ಬಂದುಬಿಡುತ್ತೆ. ನಮ್ಮವರೂ ನಾಲ್ಕು ಮಾತು ಕಲೀಲಿ, ಒಳ್ಳೇ ಹೊಡೆತಕ್ಕೆ ‘ಭಾಲ್’ ಅಂದರೆ ಅಸ್ಸಾಮಿ ಹುಡುಗನ ಮುಖ ಅರಳುತ್ತೆ. ಅಲ್ಲಿಂದ ಬಂದವರೆಲ್ಲ ಅಸ್ಸಾಮಿಯೇ ಆಡ್ತಾರೆ ಅಂತಲ್ಲ, ಚಹಾ ತೋಟದ ಕುಟುಂಬದವರು ಸಾದ್ರಿ ಆಡ್ತಾರೆ, ಬೋಡೊ ಆಡುವವರೂ ಇದ್ದಾರೆ. ಕೇಳಿಕೊಳ್ಳಿ.

ಇನ್ನು ಭಾನುವಾರದ ವಿಷಯ. ವಾರಕ್ಕೊಂದು ರಜೆ, ಅದರಲ್ಲೇ ಬಟ್ಟೆ, ಸಂತೆ, ಊರಿಗೆ ಫೋನ್. ಅದನ್ನೂ ನೀವು ಕಿತ್ತುಕೊಂಡರೆ ಹೇಗೆ? ಕೆಲಸದ ದಿನ ಸಂಜೆ ಒಂದೇ ಒಂದು ಗಂಟೆ ಇಡಿ. ಸುಲಿಯುವ ಕಾಲದಲ್ಲಿ ರಾತ್ರಿಯೂ ಕೆಲಸ ಇರುತ್ತೆ, ಲೈಟು ಹಾಕಿ ಕಾಯುತ್ತಾ ಕೂತರೆ ಬರಲ್ಲ. ಮೇಸ್ತ್ರಿ ಹತ್ತಿರ ಸಮಯ ಮಾತಾಡಿ, ಆದರೆ ಯಾರು ಆಡಬೇಕು ಅಂತ ಆರಿಸುವ ಅಧಿಕಾರ ಅವನಿಗೆ ಕೊಡಬೇಡಿ. ಅಂಕಣದ ಬಾಗಿಲಲ್ಲಿ ಆಧಾರ್ ಕೇಳೋದು, ಫೋಟೋ ತೆಗೆದು ‘ಬಡ ಹುಡುಗರಿಗೆ ಸಹಾಯ’ ಅಂತ ಸ್ಟೇಟಸ್ ಹಾಕೋದು ದಯವಿಟ್ಟು ನಿಲ್ಲಿಸಿ. ನಿಮ್ಮ ಪೋಸ್ಟಿನ ಫೋಟೋ ಅಳಿಸಿಬಿಟ್ಟರೆ ಒಳ್ಳೇದು.

ಬೆರಳು ಜೋಪಾನ. ಬೆರಳು ಮುರಿದರೆ ನಮಗೆ ಕೆಲವು ವಾರ ಆಟ ಇಲ್ಲ, ಅವನಿಗೆ ಕೂಲಿ ಇಲ್ಲ. ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂರಲಿಕ್ಕೂ ಆಗಲ್ಲ. ಬ್ಲಾಕ್ ಮಾಡುವವರಿಗೆ ಟೇಪ್ ಸುತ್ತಿಸಿ, ಜಂಬಿಟ್ಟಿಗೆ ನೆಲದಲ್ಲಿ ಡೈವ್ ಹೊಡೆಯಲು ಬಿಡಬೇಡಿ, ಆಸ್ಪತ್ರೆ ಖರ್ಚಿಗೆ ಅಂತ ಮೊದಲೇ ಸ್ವಲ್ಪ ದುಡ್ಡು ಎತ್ತಿಡಿ. ಶೂ ಕಡ್ಡಾಯ ಮಾಡಬೇಡಿ, ಬದಲಿಗೆ ಆಟಕ್ಕೆ ಮೊದಲು ಎಲ್ಲರೂ ಸಾಲಾಗಿ ನಿಂತು ಕಲ್ಲು ಹೆಕ್ಕಿ. ನೆಟ್ ಗಂಡಸರಿಗೆ 2.43 ಮೀಟರ್ ಅಂತ ನಿಯಮ, ಆದರೆ ಹದಿನಾಲ್ಕು ಹದಿನೈದರ ಹುಡುಗರಿದ್ದರೆ ಹೆಂಗಸರ ಎತ್ತರ 2.24ಕ್ಕೇ ಕಟ್ಟಿ. ಮಿಕಾಸಾ ಚೆಂಡು ಬೇಕು ಅಂತ ಯಾರೋ ಹೇಳಿದ್ದಾರೆ, ಅಷ್ಟು ದುಡ್ಡು ಮಣ್ಣಿನ ಅಂಕಣಕ್ಕೆ ಸುರಿಯಬೇಡಿ, ನಿವಿಯಾ ಅಥವಾ ಕಾಸ್ಕೋ ಸಾಕು. ಉಳಿದ ದುಡ್ಡಿಗೆ ಇನ್ನೊಂದು ನೆಟ್ ಬರುತ್ತೆ.

ಚೆಂಡು ಮಾತ್ರ ನಿಮ್ಮ ಮನೇಲಿ ಇಡಬೇಡಿ. ಅವರು ಉಳಿದುಕೊಳ್ಳುವ ಲೈನ್ ಮನೇಲಿ ಇರಲಿ, ಪಂಪೂ ಅಲ್ಲೇ ಇರಲಿ. ನಮ್ಮಲ್ಲಿ ಇದನ್ನು ಮಾಡಿದ ಮೇಲೆ ಊರಿನ ಹುಡುಗರು ಸಂಜೆ ಲೈನ್ ಬಾಗಿಲಿಗೆ ಹೋಗಿ ‘ಬಾರೋ ಭಾಯ್, ಚೆಂಡು ತಾ’ ಅಂತ ಕರೆಯಲು ಶುರು ಮಾಡಿದರು. ಅಲ್ಲಿವರೆಗೆ ಆ ಬಾಗಿಲಿಗೆ ಅವರು ಯಾರೂ ಹೋದವರಲ್ಲ. ಹೊರಗಿಂದ ಬಂದವರೂ ಆಟ ನಡೆಸಬಲ್ಲರು. ಮುಂಡಗೋಡಿನ ಟಿಬೆಟಿಯನ್ನರು 1966ರಿಂದ ಇಲ್ಲೇ ಇದ್ದಾರೆ, ದಲೈ ಲಾಮಾ ಅವರ ತಾಯಿಯ ಹೆಸರಲ್ಲಿ ಟಿಬೆಟಿಯನ್ನರದ್ದೇ ಫುಟ್‌ಬಾಲ್ ಕಪ್ ಇದೆ, ತಾವೇ ನಿಂತು ನಡೆಸ್ತಾರೆ. ನಿಮ್ಮ ಹುಡುಗರಿಗೂ ಒಂದು ಪಂದ್ಯಾವಳಿಯ ಕೆಲಸ ಪೂರ್ತಿ ವಹಿಸಿ ನೋಡಿ, ಸುಣ್ಣ ಹಾಕೋದರಿಂದ ಅಂಪೈರಿಂಗ್‌ವರೆಗೆ.

ಕೆಲಸಕ್ಕೆ ಬಂದವರ ಮನೆಯ ಹೆಣ್ಣುಮಕ್ಕಳನ್ನು ಯಾರೂ ನೆನೆಸಲಿಲ್ಲ ಈ ಚರ್ಚೆಯಲ್ಲಿ. ತಮ್ಮಂದಿರನ್ನು, ತಂಗಿಯರನ್ನು ಸೊಂಟದ ಮೇಲೆ ಹೊತ್ತುಕೊಂಡೇ ಆಟ ನೋಡ್ತಿರ್ತಾರೆ. ಅಂಕಣದ ಪಕ್ಕ ಒಂದು ಚಾಪೆ ಹಾಸಿ, ಊರಿನ ಒಬ್ಬ ಅಜ್ಜಿಯನ್ನು ಕೂರಿಸಿ, ಥ್ರೋಬಾಲ್ ಶುರು ಮಾಡಿ. ಇನ್ನು 6ರಿಂದ 14 ವರ್ಷದ ಮಕ್ಕಳು ಕಂಡರೆ ಶಾಲೆಗೆ ಕರೆದುಕೊಂಡು ಹೋಗಿ. ಟಿ.ಸಿ. ಇಲ್ಲ, ವರ್ಷದ ಮಧ್ಯ ಅಂತ ಸೇರಿಸದೇ ಇರುವ ಹಾಗಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಶಾಲೆಯಲ್ಲಿ ಹೆಸರಿದ್ದರೆ ತಾನೇ ಹೋಬಳಿ ಮಟ್ಟದಲ್ಲಿ ಆಡೋದು.

ಈಗ ನಾಳೆ ಏನು ಮಾಡಬೇಕು ಅಂದ್ರೆ, ಮೈಕು ಜೆರ್ಸಿ ಏನೂ ಬೇಡ, ನೀವೊಬ್ಬರೇ ಲೈನಿಗೆ ಹೋಗಿ. ಚೆಂಡು ಕೊಟ್ಟು ಬನ್ನಿ, ಯಾವ ಹೊತ್ತು ಅನುಕೂಲ ಅಂತ ಕೇಳಿ. ನನ್ನ ಹತ್ತಿರ ಒಂದು ಹಳೇ ನೆಟ್ ಇದೆ, ಮೇಲಿನ ಹಗ್ಗ ಬದಲಾಯಿಸಿದರೆ ಸಾಕು. ಹೊಸನಗರ ಕಡೆ ಬಂದಾಗ ತಗೊಂಡು ಹೋಗಿ.