ವೈದ್ಯರಲ್ಲದವರು ನಡೆಸುವ ಬೆಂಬಲ ಗುಂಪಿನಿಂದ ಕುಡಿತ ಬಿಟ್ಟವರಿಗೆ ಏನು ಪ್ರಯೋಜನ?

ನಿಮ್ಮ ತಮ್ಮ ಚಿಕಿತ್ಸೆ ಮುಗಿಸಿ ಮನೆಗೆ ಬಂದಿದ್ದಾರೆ, ಖಿನ್ನತೆಗೆ ಮಾತ್ರೆಯೂ ನಡೆಯುತ್ತಿದೆ. ಹೀಗಿರುವಾಗ ತಮ್ಮಂತೆಯೇ ಕುಡಿದು ಕೆಟ್ಟವರ ನಡುವೆ ಕುಳಿತು ಅವರು ಏನು ತಾನೇ ಕಲಿಯಬಲ್ಲರು ಎಂದು ಕೇಳಿದ್ದೀರಿ. ಇಂಥದೇ ಗುಂಪಿನ ಆಸರೆಯಲ್ಲಿ ಚೇತರಿಸಿಕೊಂಡು ಈಗ ಹೊಸಬರ ಜೊತೆ ಕೆಲಸ ಮಾಡುತ್ತಿರುವವನಾಗಿ ಹೇಳುತ್ತೇನೆ: ಅಲ್ಲಿ ಸಾಂತ್ವನಕ್ಕಿಂತ ಹೆಚ್ಚಾಗಿ ಸಿಗುವುದು, ಕುಡಿಯದೆ ಒಂದು ಸಂಜೆಯನ್ನು ದಾಟುವ ಅಭ್ಯಾಸ.

1935ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಇಂಥ ಗುಂಪನ್ನು ಆರಂಭಿಸಿದ ಇಬ್ಬರಲ್ಲಿ ಒಬ್ಬರಾದ ಬಾಬ್ ಸ್ಮಿತ್ ಸ್ವತಃ ಶಸ್ತ್ರವೈದ್ಯರು. ಮದ್ಯ ದೇಹವನ್ನು ಏನು ಮಾಡುತ್ತದೆಂಬುದು ಅವರಿಗೆ ಗೊತ್ತಿರದ ಸಂಗತಿಯೇನಲ್ಲ. ಆದರೂ ಅವರು ಕುಡಿತ ಬಿಟ್ಟದ್ದು, ಅದೇ ನರಕವನ್ನು ಕಂಡಿದ್ದ ಬಿಲ್ ವಿಲ್ಸನ್ ಎದುರಿಗೆ ಕುಳಿತು ಮಾತನಾಡಿದ ಮೇಲೆ.

ಅಭ್ಯಾಸ ಎಂದೆನಲ್ಲ, ಅದು ಹೀಗಿರುತ್ತದೆ. ಗುಂಪಿನಲ್ಲಿ ಒಬ್ಬರು ಹಳೆಯ ಗೆಳೆಯನಂತೆ ನಟಿಸಿ ‘ಒಂದೇ ಒಂದು ತಗೋ, ಏನಾಗಲ್ಲ’ ಎಂದು ಒತ್ತಾಯಿಸುತ್ತಾರೆ. ಹೊಸಬರು ಹೊಟ್ಟೆನೋವು, ಮಾತ್ರೆ, ಮನೆಯವರ ಸಿಟ್ಟು ಎಂದು ಕಾರಣಗಳನ್ನು ಪೋಣಿಸತೊಡಗಿದರೆ, ಅನುಭವಸ್ಥರು ಅಲ್ಲಿಯೇ ತಡೆದು, ಕಾರಣ ಹೇಳಿದಷ್ಟೂ ಚೌಕಾಸಿಗೆ ಬಾಗಿಲು ತೆರೆಯುತ್ತದೆಂದು ತೋರಿಸಿ, ‘ಬೇಡ, ನಾನು ಕುಡಿಯುವುದಿಲ್ಲ’ ಎಂದಷ್ಟೇ ಹೇಳಿ ಎದ್ದು ಹೋಗುವುದನ್ನು ಮತ್ತೆ ಮತ್ತೆ ಮಾಡಿಸುತ್ತಾರೆ. ಕುಡಿಯುವ ತುಡಿತ ಅಲೆಯಂತೆ ಏರಿ ಇಳಿಯುತ್ತದೆ ಎಂದು ಮನೋವಿಜ್ಞಾನಿ ಅಲನ್ ಮಾರ್ಲಾಟ್ ಹೇಳಿದ್ದರು. ಅದಕ್ಕೆ ಮಣಿಯದಿದ್ದರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ತಗ್ಗುತ್ತದೆ. ಹಸಿವೆಯೋ, ಸಿಟ್ಟೋ, ಒಂಟಿತನವೋ, ದಣಿವೋ ಎಂದು ಮೊದಲು ತನ್ನನ್ನೇ ಕೇಳಿಕೊಳ್ಳುವುದು, ಹಸಿವೆಯಾದರೆ ಊಟ ಮಾಡುವುದು, ಒಂಟಿತನವಾದರೆ ಗುಂಪಿನ ಯಾರಿಗಾದರೂ ಫೋನ್ ಮಾಡುವುದು, ಇವೆಲ್ಲ ಆ ಅರ್ಧ ಗಂಟೆಗಾಗಿ ಕಲಿಯುವ ಕೌಶಲಗಳು.

ಒಂದು ಪಕ್ಷ ಕಾಲು ಜಾರಿದರೆ, ಆ ಒಂದು ಲೋಟಕ್ಕಿಂತ ‘ಹೇಗೂ ಕೆಟ್ಟಾಯಿತು, ಇನ್ನೇನು’ ಎಂಬ ಯೋಚನೆಯೇ ಹೆಚ್ಚು ಅಪಾಯಕಾರಿ. ನಾಚಿಕೆಯಿಂದ ಮನೆಯವರಿಗೆ ಹೇಳಲಾಗದ್ದನ್ನು ಅಂದೇ ಹೇಳಿಕೊಳ್ಳಲು ಒಂದು ಜಾಗವಿದ್ದರೆ, ಒಂದು ರಾತ್ರಿಯ ಕುಡಿತ ತಿಂಗಳ ಕುಡಿತವಾಗದಂತೆ ತಡೆಯಲು ಸಾಧ್ಯ.

ಆದರೆ ಗುಂಪು ವೈದ್ಯರಿಗೆ ಬದಲಿಯಲ್ಲ. ದೀರ್ಘಕಾಲ ವಿಪರೀತ ಕುಡಿದವರು ಒಮ್ಮೆಲೇ ಬಿಟ್ಟರೆ ಮೊದಲ ಕೆಲವು ದಿನಗಳಲ್ಲಿ ಫಿಟ್ಸ್, ಸನ್ನಿ ಬಂದು ಪ್ರಾಣಕ್ಕೇ ಕುತ್ತಾಗಬಹುದು. ಮತ್ತೆ ಕುಡಿದು ನಿಲ್ಲಿಸುವ ಸಂದರ್ಭ ಬಂದರೆ ವೈದ್ಯರ ನೆರವಿನಿಂದಲೇ ನಿಲ್ಲಿಸಬೇಕು. ಸಾಯುವ ಮಾತು ಬಂದರೆ ಅಂದೇ ಮನೋವೈದ್ಯರ ಬಳಿ ಕರೆದೊಯ್ಯಿರಿ. ಖಿನ್ನತೆಯ ಮಾತ್ರೆ ಬಿಡಿ ಎಂದು ಹೇಳುವ ಗುಂಪಿಗೆ ಎರಡನೆಯ ಬಾರಿ ಹೋಗಬೇಡಿ.

ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳಲ್ಲಿ ಬರುವ ದೇವರ ಪ್ರಸ್ತಾಪ ಅವರಿಗೆ ಒಗ್ಗದಿದ್ದರೆ, 1994ರಿಂದ ಈ ಹೆಸರಿನಲ್ಲಿರುವ ಸ್ಮಾರ್ಟ್ ರಿಕವರಿ ಎಂಬ ಸಂಸ್ಥೆ ಪೂರ್ತಿ ಕೌಶಲಗಳ ಮೇಲೆಯೇ ನಡೆಯುತ್ತದೆ. ಆನ್‌ಲೈನ್ ಸಭೆಗಳೂ ಇವೆ. ಬಲವಂತ ಮಾಡದೆ, ನಾಲ್ಕಾರು ಸಭೆ ನೋಡಿ ತೀರ್ಮಾನಿಸಲು ಅವರಿಗೇ ಬಿಡಿ. ನೀವು ಮಾತ್ರ ಕುಟುಂಬದವರಿಗಾಗಿಯೇ ಇರುವ ಅಲ್-ಅನಾನ್ ಸಭೆಗೆ ಹೋಗಿ ಬನ್ನಿ: ಅವರ ಜೇಬು ತಡಕಬೇಕೇ, ಹಣ ಕೊಡಬೇಕೇ ಎಂಬಂಥ ಪ್ರಶ್ನೆಗಳನ್ನು ಅಲ್ಲಿ ಯಾರೂ ವಿಚಿತ್ರವಾಗಿ ನೋಡುವುದಿಲ್ಲ.