ಕೆಲಸದ ಗಡಿಬಿಡಿಯಲ್ಲಿ ಸಂಗೀತ ಕೇಳಲು ಟೈಮೇ ಸಿಗುತ್ತಿಲ್ಲ. ಯಾವ ಇಯರ್‌ಬಡ್ಸ್ ತಗೊಳ್ಳಲಿ?

ಯಾವುದೂ ಬೇಡ. ನಾಲ್ಕು ವರ್ಷದ ಹಿಂದೆ ನಾನೂ ಇದೇ ಪ್ರಶ್ನೆ ಹೊತ್ತು ಶಿವಮೊಗ್ಗದ ಅಂಗಡಿಗೆ ಹೋಗಿದ್ದೆ. ಅರ್ಧ ತಿಂಗಳ ಸಂಬಳ ಕೊಟ್ಟು ನಾಯ್ಸ್ ಕ್ಯಾನ್ಸಲಿಂಗ್ ಇರುವುದನ್ನೇ ತಂದೆ. ದಿನಾ ರಾತ್ರಿ ಒಂದು ಸಂಗೀತ ಕಚೇರಿ ಪೂರ್ತಿ ಕೇಳುವುದು ಅಂತ ಪಣ ಬೇರೆ.

ಆ ವರ್ಷ ದೀಪಾವಳಿಗೆ ಊರಿಗೆ ಹೋದೆ. ಸಾಗರದ ಹತ್ತಿರದ ಹಳ್ಳಿ ನಮ್ಮದು. ನಿಮ್ಮ ಕಡೆ ಇದೆಯೋ ಇಲ್ಲವೋ, ನಮ್ಮಲ್ಲಿ ಹಬ್ಬದ ರಾತ್ರಿ ಅಂಟಿಗೆ-ಪಂಟಿಗೆಯವರು ದೀಪ ಹಿಡಿದು ಮನೆಮನೆಗೆ ಬರುತ್ತಾರೆ. ತಬಲ, ಹಾರ್ಮೋನಿಯಂ ಏನೂ ಇಲ್ಲ, ಬರೀ ಗಂಟಲು. ಮುಂದಿನವರು ಒಂದು ಸಾಲು ಹೇಳಿದರೆ ಹಿಂದಿನವರು ಅದನ್ನೇ ಎತ್ತಿಕೊಳ್ಳುತ್ತಾರೆ. ಮುಚ್ಚಿದ ಬಾಗಿಲ ಮುಂದೆ ನಿಂತು ಬಾಗಿಲು ತೆಗೆಯುವ ಪದ ಹಾಡುತ್ತಾರೆ. ನಾವು ತೆಗೆದು ಅವರ ದೀಪಕ್ಕೆ ಎಣ್ಣೆ ಹೊಯ್ಯಬೇಕು. ಊರು ಸುತ್ತಿ ಮುಗಿಯುವ ತನಕ ಆ ದೀಪ ಆರಬಾರದು.

ಅಪ್ಪನಿಗೆ ಕಿವಿ ಮಂದ. ಅಮ್ಮ ಅಡುಗೆ ಮಾಡಿ ದಣಿದಿದ್ದಳು. "ನೀವು ಮಲಗಿ, ದೀಪ ಬಂದರೆ ನಾನು ತೆಗೆಯುತ್ತೇನೆ" ಅಂದವನು ನಾನೇ. ಎಣ್ಣೆ ಗಿಂಡಿಯನ್ನೂ ಜಗಲಿಯಲ್ಲಿ ಇಟ್ಟಿದ್ದೆ. ಕಾಯುವಾಗ ಸುಮ್ನೆ ಕೂರುವುದೇಕೆ ಅಂತ ಕಿವಿಗೆ ಇಯರ್‌ಬಡ್ಸ್ ಸಿಕ್ಕಿಸಿಕೊಂಡೆ.

ಇಲ್ಲೊಂದು ವಿಷಯ ಬಿಡಿಸಿ ಹೇಳಬೇಕು, ಯಾಕೆಂದರೆ ಆಮೇಲೆ ತಿಂಗಳುಗಟ್ಟಲೆ ಇದನ್ನೇ ಯೋಚಿಸಿದ್ದೇನೆ. ತಪ್ಪು ನಾಯ್ಸ್ ಕ್ಯಾನ್ಸಲಿಂಗ್‌ನದ್ದಲ್ಲ. ಅದು ಮುಖ್ಯವಾಗಿ ಬಸ್ಸಿನ ಎಂಜಿನ್, ಫ್ಯಾನು, ಇಂಥ ಒಂದೇ ಸಮನೆ ಗುಂಯ್‌ಗುಡುವ ಸದ್ದನ್ನು ಇಳಿಸುತ್ತದೆ. ಮನುಷ್ಯರ ದನಿಯನ್ನು ಅಷ್ಟಾಗಿ ಅಳಿಸುವುದಿಲ್ಲ. ದನಿಯನ್ನು ತಡೆದದ್ದು ಕಿವಿಗೆ ಬಿರಡೆಯ ಹಾಗೆ ಕೂತಿದ್ದ ರಬ್ಬರ್, ಅದರ ಮೇಲೆ ನಾನು ಏರಿಸಿಟ್ಟ ವಾಲ್ಯೂಮ್. ಒಂದೇ ಕಿವಿಗೆ ಹಾಕಿದ್ದರೆ ಸಾಕಿತ್ತು. ವಾಲ್ಯೂಮ್ ಅರ್ಧ ಇದ್ದರೂ ಸಾಕಿತ್ತೇನೋ. ನಾಯಿ ಬೊಗಳಿದ್ದರೂ ಅಮ್ಮ ಏಳುತ್ತಿದ್ದಳು. ಆದರೆ ಪಟಾಕಿಗೆ ಹೆದರುತ್ತದೆ ಅಂತ ಅದನ್ನು ಹಿತ್ತಿಲ ಕೊಟ್ಟಿಗೆಗೆ ಸೇರಿಸಿದವನೂ ನಾನೇ. ಕಚೇರಿಯಲ್ಲಿ ತನಿಯಾವರ್ತನ, ಅಂದರೆ ಬರೀ ತಾಳವಾದ್ಯದ ಸರದಿ, ಶುರುವಾಗಿತ್ತು. ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತಾ ಕೂತಿದ್ದೆ. ನನಗೂ ಅವರಿಗೂ ನಡುವೆ ಒಂದು ಹಲಗೆ ಬಾಗಿಲು, ಅಷ್ಟೇ.

ಬೆಳಿಗ್ಗೆ ಪಕ್ಕದ ಮನೆ ಅತ್ತಿಗೆ ಬಂದು ಅಮ್ಮನನ್ನು ಮೆಲ್ಲಗೆ ಕೇಳಿದರು: "ನಿಮ್ಮಲ್ಲಿ ಸೂತಕವಾ? ದೀಪದವರು ಅಷ್ಟು ಹೊತ್ತು ಹಾಡಿದರೂ ಬಾಗಿಲು ತೆಗೆಯಲಿಲ್ವಂತೆ."

ಅಮ್ಮ ಬೈಯಲಿಲ್ಲ. "ದೀಪ ಬಂದು ವಾಪಸ್ ಹೋಯ್ತಲ್ಲೋ ಮಾರಾಯ" ಅಂದಳು. ಬೈದಿದ್ದರೇ ಚೆನ್ನಾಗಿತ್ತು.

ಮರುವರ್ಷ ಎಣ್ಣೆ ಇಟ್ಟುಕೊಂಡು ಮೂರು ಗಂಟೆ ತನಕ ಜಗಲಿಯಲ್ಲೇ ಕೂತೆ. ಅವರು ಬರಲಿಲ್ಲ. ತಂಡದ ಹುಡುಗರೆಲ್ಲ ಬೆಂಗಳೂರು ಸೇರಿದ್ದರು.

ಹಾಗಾಗಿ ಟೈಮ್ ಸಿಗುತ್ತಿಲ್ಲ ಅನ್ನುವುದನ್ನೇ ನಾನು ಒಪ್ಪುವುದಿಲ್ಲ. ಸಂಗೀತಕ್ಕೆ ಅಂತ ಗಂಟೆ ಎತ್ತಿಟ್ಟರೆ ಉಳಿದ ಗಂಟೆಗಳಿಗೆ ಕಿವಿ ಮುಚ್ಚುವ ಚಾಳಿ ಬೀಳುತ್ತದೆ. ಅಡಿಕೆ ಸುಲಿಯುವ ಚಪ್ಪರದಲ್ಲಿ ಮೆಟ್ಟುಗತ್ತಿಗಳ ಸದ್ದಿನ ನಡುವೆ ಭದ್ರಾವತಿ ಆಕಾಶವಾಣಿಯ ಹಾಡು ತೇಲಿ ಬರುವುದನ್ನು ಕೇಳಿದ್ದೀರಾ? ಮಳೆಗಾಲದ ಬೆಳಗಿನ ಜಾವ ಹಳ್ಳದ ಕಡೆಯಿಂದ ಮಲಬಾರ್ ವಿಸ್ಲಿಂಗ್ ಥ್ರಷ್ ಹಕ್ಕಿ ಶಿಳ್ಳೆ ಹಾಕುತ್ತದೆ. ಥೇಟ್ ಪಡ್ಡೆ ಹುಡುಗ ಟ್ಯೂನ್ ಮರೆತ ಹಾಗೆ! ಕಾಸು ಜಾಸ್ತಿ ಇದ್ದರೆ ಮನೆಗೊಂದು ರೇಡಿಯೋ ತನ್ನಿ.

ಹೋದ ಚಳಿಗಾಲ ಅಡಿಕೆ ಮೂಟೆ ತಗೊಂಡು ಮಂಡಿಗೆ ಹೋಗಿದ್ದೆ. ತೂಕದ ಸಾಲಿನಲ್ಲಿ ನನ್ನ ಮುಂದೆ ಆ ತಂಡದ ಹಿರಿಯರು ನಿಂತಿದ್ದರು. ಮೂಟೆಗೆ ಒರಗಿಕೊಂಡು ಏನೋ ಗುನುಗುತ್ತಿದ್ದರು. ಬಾಗಿಲು ತೆಗೆಯುವ ಪದ.

"ಅಜ್ಜ, ಇನ್ನೊಂದ್ಸಲ ಹೇಳಿ" ಅಂದೆ.

"ಹಬ್ಬದಲ್ಲಿ ಮನೆ ಬಾಗಿಲಿಗೇ ಬಂದಿದ್ವಲ್ಲ ತಮ್ಮಾ" ಅಂದರು. ನಕ್ಕರು. ಆಮೇಲೆ ಗುನುಗುವುದನ್ನು ಮುಂದುವರಿಸಿದರು. ನಾನು ತೂಕದ ಚೀಟಿ ಅಲ್ಲೇ ಬಿಟ್ಟು ಬಂದಿದ್ದೆ. ಮಾರನೇ ದಿನ ಮತ್ತೆ ಹೋಗಿ ತರಬೇಕಾಯಿತು.