ಕೊಡವ ತಕ್ಕ್ ಉಳಿಯುವುದು ಯಾರ ಬಾಯಲ್ಲಿ?

ಬೆಂಗಳೂರಿನಲ್ಲಿ ನೆಲೆಸಿರುವ, ವಿರಾಜಪೇಟೆ ಕಡೆಯ ಓದುಗರೊಬ್ಬರ ಪತ್ರದ ಸಾರ: "ನಮ್ಮತ್ತೆ ಕೊಡವ ತಕ್ಕ್‌ನಲ್ಲಿ ಮಾತಾಡಿಸಿದರೆ ಮಕ್ಕಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾರೆ. ಬಳಕೆಯಲ್ಲಿ ಸ್ವಂತ ಲಿಪಿಯಿಲ್ಲ, ಸಂವಿಧಾನದ ಎಂಟನೇ ಪರಿಚ್ಛೇದದ ಭಾಷಾಪಟ್ಟಿಯಲ್ಲಿ ಜಾಗವಿಲ್ಲ. ಹಾಡು, ಮಾತು ರೆಕಾರ್ಡ್ ಮಾಡಿಟ್ಟರೆ ಸಾಲದೆ? ಅಷ್ಟಕ್ಕೂ ಕನ್ನಡಕ್ಕೇ ಕುತ್ತು ಬಂದಿರುವಾಗ ಕನ್ನಡ ಪತ್ರಿಕೆಗೆ ಈ ಸಣ್ಣ ಭಾಷೆಗಳ ಚಿಂತೆ ಯಾಕೆ?"

ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಅದರ ಬಗ್ಗೆ ನನಗೆ ತಕರಾರಿದೆ. ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು, ಗೋವಿಂದ ಪೈಗಳದು ಕೊಂಕಣಿ. ಅದನ್ನು ಹೊಸಿಲಾಚೆ ಬಿಟ್ಟು ಬನ್ನಿ ಎಂದು ಕನ್ನಡ ಇವರಲ್ಲಿ ಯಾರಿಗೂ ಹೇಳಲಿಲ್ಲ. ಇಂಗ್ಲಿಷ್ ನಮ್ಮನ್ನು ನುಂಗುತ್ತಿದೆ ಎಂದು ಗೋಳಾಡುವ ನಾವು ಕೊಡವ, ತುಳು, ಬ್ಯಾರಿಗಳ ಮುಂದೆ ಅದೇ ದರ್ಪ ತೋರಿದರೆ ಯಾವ ಬಾಯಲ್ಲಿ ನ್ಯಾಯ ಕೇಳುವುದು?

ಲಿಪಿಯದು ದೊಡ್ಡ ತೊಡಕಲ್ಲ. ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿದ ಕೊಡವ ಹಾಡುಗಳ 'ಪಟ್ಟೋಲೆ ಪಳಮೆ' 1924ರಲ್ಲೇ ಕನ್ನಡ ಲಿಪಿಯಲ್ಲಿ ಅಚ್ಚಾಯಿತು.

ಎಂಟನೇ ಪರಿಚ್ಛೇದದ ಬೇಡಿಕೆ ನ್ಯಾಯವಾದದ್ದೇ. ಆದರೆ ಅದರ ಮೇಲೆ ಪೂರ್ತಿ ಭಾರ ಹಾಕಬೇಡಿ. 2011ರ ಜನಗಣತಿಯಲ್ಲಿ ಸಂಸ್ಕೃತವನ್ನು ತಾಯ್ನುಡಿ ಎಂದು ಬರೆಸಿದವರು 24,821 ಮಂದಿ, ಅದು ಪಟ್ಟಿಯಲ್ಲಿದೆ. ಒಂದು ಕೋಟಿಗೂ ಮಿಕ್ಕಿ ಜನ ಆಡುವ ಭೀಲಿ ಪಟ್ಟಿಯಲ್ಲಿಲ್ಲ.

ಇನ್ನು ರೆಕಾರ್ಡಿಂಗ್. ಮಾಡಿ, ಖಂಡಿತ ಮಾಡಿ. ಆದರೆ ಆ ಹಾಡುಗಳ ಪುಸ್ತಕ ಕೈಯಲ್ಲಿದ್ದೂ ಕೊಡವ ತಕ್ಕ್‌ ಆಡುವವರ ಲೆಕ್ಕ 2001ರ ಸುಮಾರು 1.66 ಲಕ್ಷದಿಂದ 2011ಕ್ಕೆ ಸುಮಾರು 1.14 ಲಕ್ಷಕ್ಕೆ ಇಳಿಯಿತು. (ಗಣತಿಯವರು ಬಂದಾಗ ಬೇರೆ ಭಾಷೆ ಬರೆಸಿದವರೂ ಇದ್ದಾರು. ಮುಂದಿನ ಸಲ ನೀವು ಹಾಗೆ ಮಾಡಬೇಡಿ.) ಹಾಡು ಪುಸ್ತಕದಲ್ಲಿ ಭದ್ರವಾಗಿರುತ್ತದೆ, ಸರಿ. ದುಡಿ ಹಿಡಿದು ನಾಲ್ವರು ಬಾಳೋ ಬಾಳೋ ಎಂದು ಹಾಡುವಾಗ ಎದುರು ಕೂತ ಮಗುವಿಗೆ ಅರ್ಥವಾಗಬೇಕಲ್ಲ, ಆ ಕೆಲಸ ಪುಸ್ತಕದಿಂದಾಗದು.

ನ್ಯೂಜಿಲೆಂಡಿನ ಮಾವೊರಿಗಳು ಇದೇ ಇಕ್ಕಟ್ಟಿಗೆ ಸಿಕ್ಕಿದ್ದರು: ಭಾಷೆ ಬಲ್ಲ ಹಿರಿಯರಿದ್ದರು, ಅದನ್ನಾಡುವ ಮಕ್ಕಳಿರಲಿಲ್ಲ. 1982ರಲ್ಲಿ ಅವರು 'ಕೊಹಾಂಗ ರೆಯೊ' ಎಂಬ ಶಿಶುವಿಹಾರಗಳನ್ನು ತೆರೆದರು. ಅಜ್ಜ ಅಜ್ಜಿಯರೂ ಅಲ್ಲಿ ಬಂದು ಕೂತರು; ಊಟ, ಆಟ, ಗದರಿಕೆ ಎಲ್ಲವೂ ಮಾವೊರಿಯಲ್ಲೇ. ಅದಕ್ಕೆ ಅಧಿಕೃತ ಭಾಷೆಯ ಮನ್ನಣೆ ಕಾನೂನಿನಲ್ಲಿ ಸಿಕ್ಕಿದ್ದು ಆಮೇಲೆ, 1987ರಲ್ಲಿ. ಸರ್ಕಾರಕ್ಕಾಗಿ ಅವರು ಕಾದು ಕೂರಲಿಲ್ಲ ಎಂಬುದು ನನಗೆ ಹಿಡಿಸಿದ ಸಂಗತಿ.

ನಿಮಗಂತೂ ಅಂಥ ಅಜ್ಜಿ ಮನೆಯಲ್ಲೇ ಇದ್ದಾರೆ! ಮಕ್ಕಳಿಗೆ ಮಾತು ಅರ್ಥವಾಗುತ್ತದೆ ಎಂಬುದು ನಿಮ್ಮ ಪತ್ರದಿಂದಲೇ ಗೊತ್ತಾಗುತ್ತದೆ, ಇಲ್ಲವಾದರೆ ಇಂಗ್ಲಿಷಿನಲ್ಲಾದರೂ ಉತ್ತರ ಹೇಗೆ ಬಂದೀತು? ಬಾಯಿ ಬಿಡಲು ಅಳುಕು, ಅಷ್ಟೆ. ಊರಿಗೆ ಹೋದಾಗ ಮಗು ಒಂದು ಮಾತು ತಪ್ಪಾಡಿದರೆ ನೆಂಟರೆಲ್ಲ ಸೇರಿ ನಗುತ್ತಾರಲ್ಲ, ಶಾಲೆಯ ಇಂಗ್ಲಿಷಿಗಿಂತ ಹೆಚ್ಚು ಹಾನಿ ಆ ನಗುವಿನಿಂದ ಎಂದು ನನ್ನ ಅನುಮಾನ. ತಪ್ಪನ್ನು ತಿದ್ದಬೇಡಿ, ಉತ್ತರಿಸಿ ಮಾತು ಮುಂದುವರಿಸಿ. ಅತ್ತೆಯವರಿಗೂ ಒಂದು ಮಾತು ಹೇಳಿ: ಮಕ್ಕಳು ಇಂಗ್ಲಿಷಿಗೆ ಹೊರಳಿದರೆಂದು ತಾವೂ ಹೊರಳಬಾರದು.

ಅವರು ಮಕ್ಕಳಿಗೆ ಹೇಳುವ ಕಥೆಯೊಂದನ್ನು ಕೊಡವ ತಕ್ಕ್‌ನಲ್ಲೇ, ಕನ್ನಡ ಲಿಪಿಯಲ್ಲಿ ಬರೆದು ಕಳಿಸುತ್ತೀರಾ? ಪಕ್ಕದಲ್ಲಿ ಕನ್ನಡ ಅನುವಾದ ಹಾಕಿ ಪ್ರಕಟಿಸುತ್ತೇವೆ. ಎರಡು ಪುಟ ಮೀರದಿರಲಿ.

– ಸಂಪಾದಕ